ಅವ್ವನ ದುಡಿಮೆಗೆ ಹಿಡಿದ ಸಂಬಳ

ಕಾರಟಗಿ
೧೪ ಜೂನ್ ೧೯೮೬

ಪ್ರೀತಿಯ ಯಂಕಕ್ಕನಿಗೆ,

ನಿನ್ನ ತಮ್ಮ ಕನಕಪ್ಪನ ನಮಸ್ಕಾರ. ಕುಷ್ಟಗಿಯಿಂದ ನೀನು ಬರೆದ ಎರಡೂ ಕಾಗದ ಕೈಸೇರಿವೆ. ಉತ್ತರಕ್ಕೆ ತಿಂಗಳು ತಡಮಾಡಿದೆ, ಎಷ್ಟು ಬೇಕಾದರೂ ಬೈಯಿ. ಪರೀಕ್ಷೆ ಇತ್ತು ಎಂದು ಸುಳ್ಳು ಹೇಳಬಹುದಿತ್ತು; ಪರೀಕ್ಷೆ ಮುಗಿದೇ ಆರು ವಾರವಾಯಿತು. ಮಗುವಿಗೆ ಎರಡು ಹಲ್ಲು ಬಂದವೆಂದು ಓದಿ ಹೇಳಿದಾಗ ಅವ್ವ ಭಾಳ ನಕ್ಕಳು. ಭಾವನ ಬೆನ್ನುನೋವು ಈಗ ಹೇಗಿದೆ? ಇಲ್ಲಿ ಕಾಲುವೆಗೆ ಇನ್ನೂ ನೀರು ಬಿಟ್ಟಿಲ್ಲ.

ನೀನು ಕೇಳಿದ್ದು ಒಂದೇ ಮಾತು. ಅಕ್ಕಿ ಮಿಲ್ಲಿನಲ್ಲಿ ಅರ್ಧ ಪಾಲಿದ್ದ ಅವ್ವ ಅದೇ ಮಿಲ್ಲಿನಲ್ಲಿ ದಿನಗೂಲಿಯವಳು ಹೇಗಾದಳು? ಹೇಳುತ್ತೇನೆ. ಹೇಳಲು ಕೂತರೆ ನನ್ನ ಮೇಲೇ ನನಗೆ ಹೇಸಿಗೆಯಾಗುತ್ತದೆ.

ಎಂ.ಕಾಂ. ಎರಡನೇ ವರ್ಷಕ್ಕೆ ಯಾವುದಾದರೊಂದು ಉದ್ಯಮದ ಬೆಲೆ ಕಟ್ಟಿ ಪ್ರಬಂಧ ಬರೆಯಬೇಕಿತ್ತು. ಗೆಳೆಯರು ಸಿಮೆಂಟು ಕಂಪನಿ, ನೂಲಿನ ಗಿರಣಿ ಎಂದು ವರದಿ ತರಿಸಿಕೊಂಡು ಕೂತಿದ್ದರು. ನಮ್ಮ ವಿರುಪಣ್ಣ ಕಾಕಾ, ಅಪ್ಪನ ಒಡಹುಟ್ಟಿದ ತಮ್ಮ, ಮಿಲ್ಲಿನ ಇನ್ನರ್ಧದ ಮಾಲೀಕ, "ಊರೂರು ಯಾಕ ತಿರಗತಿ? ನಮ್ಮ ಮಿಲ್ಲಿನ ಮ್ಯಾಲನ ಬರಿ. ದಫ್ತರೆಲ್ಲಾ ನಿನ್ನ ಮುಂದ ಇಡ್ತೀನಿ" ಎಂದ. ನಾನು ಉಬ್ಬಿಹೋದೆ.

ಅಪ್ಪ ಸತ್ತ ಮೇಲೆ ಹನ್ನೊಂದು ವರ್ಷ ಅವ್ವ ಮಿಲ್ಲಿನ ಭತ್ತ ಒಣಗಿಸುವ ಕಣದ ಬಿಸಿಲಲ್ಲಿ ನಿಂತದ್ದು ನಿನಗೆ ಗೊತ್ತೇ ಇದೆ. ಬೇಯಿಸಿ ಹರವಿದ ಭತ್ತದಲ್ಲಿ ನಾಲ್ಕು ಕಾಳು ಹಲ್ಲಿಗೆ ಹಾಕಿ ಕಚ್ಚಿ, "ಇನ್ನ ಒಂದ್ ತಾಸು ಬಿಡ್ರಿ" ಎಂದರೆ ಒಂದೇ ತಾಸು. ಒಣಗಿದ್ದು ಹೆಚ್ಚಾದರೂ ಕಡಿಮೆಯಾದರೂ ಅಕ್ಕಿ ನುಚ್ಚಾಗುತ್ತದೆ. ನಮ್ಮಲ್ಲಿ ನುಚ್ಚು ಬೀಳುತ್ತಿರಲಿಲ್ಲ, ಅದಕ್ಕೇ ಮಕ್ಬುಲಸಾಬನಂಥ ವ್ಯಾಪಾರಿ ಮೂರು ಮಿಲ್ಲು ದಾಟಿ ನಮ್ಮ ಬಾಗಿಲಿಗೆ ಬರುತ್ತಿದ್ದ. ಇಷ್ಟಕ್ಕೂ ಅವ್ವ ಒಂದು ಪೈಸೆ ಸಂಬಳ ಮುಟ್ಟಿದವಳಲ್ಲ. ಮನೆಯ ಮಿಲ್ಲಿನಲ್ಲಿ ಕೂಲಿ ಕೇಳುವುದುಂಟೆ? ಗಾದಿಯ ಮೇಲೆ ಕೂತ ಕಾಕಾ ಮಾತ್ರ ತಿಂಗಳು ತಿಂಗಳು ತನ್ನ ಸಂಬಳ ಬರೆದುಕೊಳ್ಳುತ್ತಿದ್ದ.

ನಮ್ಮ ವಿದ್ಯೆ ಹೇಗಿದೆ ನೋಡು. ಮನೆಯವರು ಪುಕ್ಕಟೆ ದುಡಿದಿದ್ದರೆ ಅದಕ್ಕೊಂದು ಸಂಬಳ ಕಲ್ಪಿಸಿ ಲಾಭದಲ್ಲಿ ಕಳೆಯಬೇಕು. ಕಳೆದ ಮೇಲೂ ಉಳಿದ ಮಿಲ್ಲುಗಳಿಗಿಂತ ಲಾಭ ಹೆಚ್ಚಿದ್ದರೆ ಮಾತ್ರ ಮಿಲ್ಲಿನ ಹೆಸರಿಗೊಂದು ಬೆಲೆ. ಇಲ್ಲದಿದ್ದರೆ ಯಂತ್ರ, ತಗಡು, ಗೋಡೆಗಷ್ಟೇ ಬೆಲೆ. ಅವ್ವನಿಗೆ ಎಷ್ಟು ಸಂಬಳ ಹಿಡಿಯಲಿ ಎಂದು ಕಾಕಾನನ್ನೇ ಕೇಳಿದೆ, ಎಂಥ ಜಾಣ ನಾನು! "ನಿಮ್ಮವ್ವನ ಕೆಲಸ ಸಣ್ಣದಲ್ಲಪಾ. ತಿಂಗಳಿಗೆ ಒಂದ್ ಸಾವಿರ ಹಿಡಿ" ಎಂದ. ಕಡೆಗೂ ಒಬ್ಬರು ಅವ್ವನಿಗೆ ಮರ್ಯಾದೆ ಕೊಟ್ಟರಲ್ಲ ಎಂದು ಕಣ್ಣು ತುಂಬಿಕೊಂಡು ಬರೆದೆ. ವರ್ಷ ವರ್ಷ ಆ ಸಾವಿರಗಳನ್ನು ಕಳೆಯುತ್ತ ಹೋದಂತೆ ಹೆಚ್ಚಿನ ಲಾಭವೆಲ್ಲ ಅಳಿಸಿಹೋಯಿತು. ಮಿಲ್ಲಿನ ಹೆಸರಿಗೆ ಸೊನ್ನೆ. ಅವಳ ದುಡಿಮೆಯೇ ಅವಳ ಪಾಲನ್ನು ತಿಂದಿತು. ಪ್ರಬಂಧ ತಿದ್ದಿದ ನಮ್ಮ ಸರ್ ಅಂಚಿನಲ್ಲಿ ಕೆಂಪು ಶಾಯಿಯಿಂದ 'ಅತ್ಯುತ್ತಮ' ಎಂದು ಬರೆದರು. ಪ್ರಬಂಧಕ್ಕೆ ಇಡೀ ತರಗತಿಯಲ್ಲಿ ನನಗೇ ಮೊದಲ ಸ್ಥಾನ.

ಮೇ ತಿಂಗಳಲ್ಲಿ ಕಾಕಾ ಅದರ ಪ್ರತಿ ಹಿಡಿದು ಅವ್ವನ ಮುಂದೆ ಕೂತ. "ಅತ್ತಿಗಿ, ನಿಮಗೂ ವಯಸ್ಸಾತು. ನಿಮ್ಮ ಪಾಲು ನಾ ತಗೋತೀನಿ. ರೇಟು ನಾ ಹೇಳಿದ್ದಲ್ಲರಿ, ನಿಮ್ಮ ಮಗಾನ ಬರದಾನ." ಹಳೆಯ ಯಂತ್ರ, ತಗಡುಗಳ ಅರ್ಧ ಬೆಲೆಗೆ ಪಾಲು ಹೋಯಿತು. ಅವ್ವ ಕಣ ಬಿಟ್ಟ ವಾರಕ್ಕೇ ನುಚ್ಚು ಬೀಳತೊಡಗಿತು, ಮಕ್ಬುಲಸಾಬ ಮುಖ ತಿರುಗಿಸಿದ. ನಾಚಿಕೆಯಿಲ್ಲದೆ ಕಾಕಾ ಮತ್ತೆ ಮನೆಗೆ ಬಂದ. "ಮನ್ಯಾಗ ಸುಮ್ನ ಕುಂತು ಏನ್ ಮಾಡ್ತೀರಿ ಅತ್ತಿಗಿ? ಕಣಕ್ಕ ಬರ್ರಿ." ಸಂಬಳ ಎಷ್ಟು ಗೊತ್ತೆ? ಕಸ ಗುಡಿಸುವ ದುರಗಮ್ಮನಿಗೆ ಕೊಡುವಷ್ಟೇ, ದಿನಕ್ಕೆ ಹತ್ತು ರೂಪಾಯಿ.

ಥೂ! ನಾನು ಹೋಗಿ ಗಾದಿಯ ಮುಂದೆಯೇ ಜಗಳ ತೆಗೆದೆ. "ಸಾವಿರ ಹಿಡಿ ಅಂತ ನೀನ ಹೇಳಿದ್ದೆಲ್ಲೋ ಕಾಕಾ!" ಅವನು ಎಲೆಗೆ ಸುಣ್ಣ ಹಚ್ಚುತ್ತ, "ಅದು ನಿನ್ನ ಪರೀಕ್ಷಾದ್ದು, ಇದು ಮಿಲ್ಲಿಂದು" ಎಂದ. ಅದಕ್ಕಿಂತ ಸಹಿಸಲಾಗದ್ದು ಅವ್ವನ ಮಾತು. "ದಿನಾ ಹತ್ತು ರೂಪಾಯರ ಬರ್ತಾವಲ್ಲೋ. ಇಷ್ಟ ವರ್ಷ ಒಂದರ ಬರ್ತಿತ್ತೇನು?" ಎಂದು ಬುತ್ತಿ ಕಟ್ಟಿಕೊಂಡು ಹೋಗುತ್ತಾಳೆ.

ಗಂಗಾವತಿಯ ಫೈನಾನ್ಸ್ ಕಂಪನಿಯೊಂದು ನನ್ನನ್ನು ಕೆಲಸಕ್ಕೆ ಕರೆದಿದೆ. ಅಲ್ಲಿಯೂ ಅಂಗಡಿ, ಗಿರಣಿಗಳಿಗೆ ಬೆಲೆ ಕಟ್ಟುವುದೇ ಕೆಲಸವಂತೆ. ಪುಸ್ತಕ ಕಂಡರೆ ಉಗಿಯುವ ಹಾಗಾಗಿದೆ, ಇನ್ನೂ ಏನೂ ಹೇಳಿ ಕಳಿಸಿಲ್ಲ.

ನೀನು ಒಮ್ಮೆ ಬಂದು ಅವ್ವನನ್ನು ನಿನ್ನ ಜೊತೆ ನಾಲ್ಕು ದಿನ ಕರೆದುಕೊಂಡು ಹೋಗು. ಹುಲಿಗಿಯ ತಾಯಿ ನಿನ್ನ ಮನೆಯನ್ನು ತಣ್ಣಗಿಡಲಿ, ನಿನ್ನ ಕೂಸು ಗಟ್ಟಿಮುಟ್ಟಾಗಿ ಬೆಳೆಯಲಿ.

ನಿನ್ನ ತಮ್ಮ,
ಕನಕಪ್ಪ

ತಾ.ಕ.: ಪಾಲು ಬಿಟ್ಟುಕೊಟ್ಟ ಕಾಗದಕ್ಕೆ ಅವ್ವ ಹೆಬ್ಬೆಟ್ಟು ಒತ್ತಿದ ದಿನ ನಾನು ಊರಲ್ಲಿರಲಿಲ್ಲ ಎಂದು ನೀನು ತಿಳಿದಿದ್ದೀಯ. ಇದ್ದೆ ಅಕ್ಕಾ, ಅವಳ ಪಕ್ಕದಲ್ಲೇ ಕೂತಿದ್ದೆ. ಬೆರಳಿಗೆ ಶಾಯಿ ಹಚ್ಚಿದ ಮೇಲೆ ನನ್ನ ಕಡೆ ತಿರುಗಿ, "ಕನಕಾ, ಲೆಕ್ಕ ಬರೋಬರಿ ಐತೇನಪಾ?" ಎಂದು ಕೇಳಿದಳು. ಕಾಕಾ ರೇಟು ಓದಿದಾಗಲೇ, ಅವನು ಆ ಸಾವಿರ ಹಿಡಿಸಿದ್ದು ಯಾಕೆಂದು ನನಗೆ ತಿಳಿದುಹೋಗಿತ್ತು. ಲೆಕ್ಕ ತಪ್ಪು ಎಂದು ಹೇಳಿದ್ದರೆ ನನ್ನ ಮೊದಲ ಸ್ಥಾನವೂ ತಪ್ಪಾಗುತ್ತಿತ್ತು. "ಬರೋಬರಿ ಐತವ್ವ" ಎಂದೆ. "ಓದಿದ ಮಗ ಹೇಳಿದ ಮ್ಯಾಲ ಮುಗೀತು" ಎಂದು ನಗುತ್ತಲೇ ಒತ್ತಿದಳು.