ಕೈ ಬಿಡಿಸಿದ ಕ್ಯಾಮೆರಾ

ಕೆಲ್ಲಿವಿಲ್, ಸಿಡ್ನಿ

ತಂಗಿ ಗಂಗವ್ವಗೆ ಅಕ್ಕನ ಆಶೀರ್ವಾದ.

ಇಲ್ಲಿ ಶಾಲೆ ಬಸ್ಸು ನಿಂತು ದೀಪ ಮಿಣುಕಿಸಿದರೆ ಕಾರಿನವರೆಲ್ಲ ನಿಧಾನ ಆಗುತ್ತಾರೆ. ಜೋರಾಗಿ ಕಾರು ಓಡಿಸಿದವನ ಫೋಟೊ ಕಂಬದ ಮೇಲಿನ ಕ್ಯಾಮೆರಾ ಹಿಡಿಯುತ್ತದೆ, ದಂಡದ ಚೀಟಿ ಮನೆಗೇ ಬರುತ್ತದೆ. ಮೊನ್ನೆ ಬಸ್ಸು ಬಂದಾಗ, ನಾನು ಧಾರವಾಡದಲ್ಲಿ ಮಾಡುತ್ತಿದ್ದ ಹಾಗೆ ಒಂದು ಕೈ ಎತ್ತಿ ಕಾರುಗಳಿಗೆ ಅಡ್ಡ ನಿಂತೆ, ಇನ್ನೊಂದರಲ್ಲಿ ಮೊಮ್ಮಗ ಋತ್ವಿಕನನ್ನು ಹಿಡಿದೆ. “ಅಜ್ಜಿ, ಪ್ಲೀಸ್, ಕೈ ಬಿಡು. ಕ್ಯಾಮೆರಾ ಐತಿ,” ಎಂದು ಕೊಸರಿಕೊಂಡು ಒಬ್ಬನೇ ದಾಟಿದ. ಆ ಕಂಬ ಕಂಡರೆ ಹೊಟ್ಟೆ ಉರಿಯುತ್ತದೆ.

ಮೊಣಕಾಲು ನೋವು ಹಾಗೇ ಇದೆ, ನೀನು ಕೊಟ್ಟ ಎಣ್ಣೆ ಮುಗಿಯಿತು.

ನಿನ್ನ ಮೊಮ್ಮಗಳು ಇನ್ನೂ ನಿನ್ನ ಕೈ ಹಿಡಿದೇ ರಸ್ತೆ ದಾಟುತ್ತಾಳೆ ಎಂದು ಫೋನಿನಲ್ಲಿ ಹೇಳಿದೆಯಲ್ಲ, ಇನ್ನೊಮ್ಮೆ ನನ್ನ ಮುಂದೆ ಹೇಳಬೇಡ.

ಶಿವಲಿಂಗವ್ವ