ಟೋಪಿಗೆ ಐದು ಅಂಕ ಕಡಿತ

ಮಾನ್ಯ ಶಾಲಾ ಕ್ರೀಡಾಕೂಟದ ಮೇಲ್ವಿಚಾರಕರೇ,

ಪಥಸಂಚಲನದಲ್ಲಿ ಟೋಪಿ ಹಾಕಿದ ಮಗುವೊಂದು ಕಂಡರೂ ಶಾಲೆಗೆ ಐದು ಅಂಕ ಕಡಿತ ಎಂಬ ನಿಮ್ಮ ನಿಯಮವನ್ನು ಕೂಡಲೇ ರದ್ದುಮಾಡಿ. ನಿಮ್ಮನ್ನು ಬೈಯುವ ಮೊದಲು ನನ್ನ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ಬಸವೇಶ್ವರನಗರದ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಆ ನಿಯಮವನ್ನು ನಿಮಗಿಂತ ನಿಷ್ಠೆಯಿಂದ ಪಾಲಿಸಿದ ಪಿ.ಟಿ. ಮಿಸ್ ನಾನೇ.

ಧನ್ಯಶ್ರೀ ಐದನೇ ತರಗತಿಗೆ ಬಂದು ಸೇರಿದಳು. ಹುಟ್ಟಿನಿಂದಲೇ ಅವಳ ಚರ್ಮಕ್ಕೂ ಕೂದಲಿಗೂ ಬಣ್ಣವಿರಲಿಲ್ಲ. ಹತ್ತು ನಿಮಿಷದ ಬಿಸಿಲಿಗೆ ಮುಖ ಕೆಂಪೇರುತ್ತಿತ್ತು. ಬಿನ್ನಿಪೇಟೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಅವಳ ತಾಯಿ ನರಸಮ್ಮ, ಸಮವಸ್ತ್ರದ ಬಟ್ಟೆಯಲ್ಲೇ ಕಿವಿ, ಕುತ್ತಿಗೆ ಮುಚ್ಚುವಂಥ ಅಗಲ ಅಂಚಿನ ಟೋಪಿ ಹೊಲಿದು ತಂದರು.

"ಮೇಡಂ, ಇವಳಿಗೆ ಬಿಸ್ಲು ಆಗಲ್ಲ. ಇದೊಂದು ಹಾಕ್ಕೊಳ್ಳಕ್ಕೆ ಬಿಡಿ."

ನಾನು ನಕ್ಕುಬಿಟ್ಟೆ. "ಬಿಸ್ಲು ಬಿದ್ರೆ ತಾನೇ ಮೈಗೆ ಬಣ್ಣ ಬರೋದು? ಮುಚ್ಚಿ ಮುಚ್ಚಿ ಇಟ್ಟೇ ಹೀಗಾಗಿರೋದು ಕಣಮ್ಮ!"

ಟೋಪಿ ಸ್ಟಾಫ್ ರೂಮಿನ ಬೀರು ಸೇರಿತು, ಹುಡುಗಿ ಮೊದಲ ಸಾಲು ಸೇರಿದಳು. ಆರು ವರ್ಷ, ಪ್ರತಿ ವರ್ಷ ಎರಡು ತಿಂಗಳು, ಹನ್ನೊಂದರಿಂದ ಒಂದು ಗಂಟೆಯವರೆಗೆ ಬಿಸಿಲಲ್ಲಿ ತಾಲೀಮು. ಅವಳಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ನಿಜವಾಗಿಯೂ ನಂಬಿದ್ದೆ. ಪಥಸಂಚಲನದ ಶೀಲ್ಡ್ ಗೆಲ್ಲುವ ಆಸೆಯೂ ಇತ್ತು, ಸುಳ್ಳೇಕೆ?

ನಿಮಗೇನು ಬಿಡಿ. ತಲೆಯ ಮೇಲೆ ಶಾಮಿಯಾನ, ಕೈಯಲ್ಲಿ ಎಳನೀರು, ಕಣ್ಣಿಗೆ ಕಪ್ಪು ಕನ್ನಡಕ. ನೆರಳಲ್ಲಿ ಕೂತು ಬಿಸಿಲಲ್ಲಿ ನಿಂತವರ ಶಿಸ್ತನ್ನು ಅಳೆಯುವುದು ಎಷ್ಟು ಸುಖದ ಕೆಲಸ! ಎಲ್ಲ ತಲೆಗಳೂ ಒಂದೇ ರೀತಿ ಕಂಡುಬಿಟ್ಟರೆ ಮಕ್ಕಳು ಉದ್ಧಾರವಾದರೇ? ನಿಮ್ಮನ್ನು ಯಾರೂ ಹೀಗೆ ಕೇಳಲಿಲ್ಲ. ಕೇಳಬೇಕಾದ ಜಾಗದಲ್ಲಿ ಸೀಟಿ ಹಿಡಿದು ನಿಂತವಳು ನಾನು, ನಾನೂ ಕೇಳಲಿಲ್ಲ.

ಧನ್ಯಶ್ರೀಗೆ ಈಗ ಇಪ್ಪತ್ತೆರಡು. ಕಿವಿಯ ಅಂಚಿನ ಹುಣ್ಣೊಂದು ತಿಂಗಳುಗಟ್ಟಲೆ ಮಾಯಲಿಲ್ಲ. ಪರೀಕ್ಷೆ ಮಾಡಿಸಿದರೆ ಚರ್ಮದ ಕ್ಯಾನ್ಸರ್. ಕಳೆದ ತಿಂಗಳು ಬಲಗಿವಿಯ ಮೇಲ್ಭಾಗವನ್ನು ಕತ್ತರಿಸಿ ತೆಗೆದರು. ಹರಡಿಲ್ಲವಾದ್ದರಿಂದ ಜೀವಕ್ಕೆ ಅಪಾಯವಿಲ್ಲವಂತೆ. ಇಂಥ ಚರ್ಮಕ್ಕೆ ಬಿಸಿಲಿನಿಂದ ಬಣ್ಣ ಬರುವುದಿಲ್ಲ, ಸುಡುತ್ತದೆ ಅಷ್ಟೇ, ಚಿಕ್ಕಂದಿನಿಂದ ಸುಟ್ಟಿದ್ದೆಲ್ಲ ಸೇರಿ ಒಂದು ದಿನ ಹೀಗಾಗುತ್ತದೆ ಎಂದು ಡಾಕ್ಟರು ವಿವರಿಸಿದರು. "ನಿಮ್ಮ ಗ್ರೌಂಡಿಂದಲೇ ಬಂತು ಅಂತ ಹೇಳಕ್ಕಾಗಲ್ಲ ಮೇಡಂ," ಎಂದು ಸಮಾಧಾನವನ್ನೂ ಮಾಡಿದರು. ನನಗೆ ಸಮಾಧಾನವಾಗಲಿಲ್ಲ.

ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು, ತಪ್ಪಾಯಿತು ಎಂದೆ.

"ನಂಗೆ ಸಾರಿ ಹೇಳಿ ಏನ್ಮಾಡ್ತೀರ ಮಿಸ್? ಸೌಂದರ್ಯಾನ ಬಿಸ್ಲಿಂದ ಒಳಗೆ ಕರ್ಕೊಳ್ಳಿ," ಎಂದಳು.

ಸೌಂದರ್ಯಾ ಅವಳ ತಂಗಿ. ಅದೇ ಚರ್ಮ, ಅದೇ ಶಾಲೆ, ಆರನೇ ತರಗತಿ. ನನ್ನ ಜಾಗಕ್ಕೆ ಬಂದಿರುವ ಗೌತಮ್ ಬಳಿಗೆ ಓಡಿದೆ. ಅವರು ವಿನಯದಿಂದಲೇ ಹೇಳಿದರು: "ಟೋಪಿ ಹಾಕಿದ್ರೆ ಐದು ಅಂಕ ಹೋಗತ್ತೆ ಅಂತ ನಂಗೆ ಹೇಳ್ಕೊಟ್ಟಿದ್ದೇ ನೀವಲ್ವಾ ಮಿಸ್?"

ಸೋಮವಾರ ತಾಲೀಮು ಶುರುವಾಗುತ್ತದೆ. ಅಷ್ಟರೊಳಗೆ ಟೋಪಿಗೂ ತುಂಬುತೋಳಿನ ಅಂಗಿಗೂ ಲಿಖಿತ ಅನುಮತಿ ಕೊಡಿ. ತಾಲೀಮು ಬೆಳಿಗ್ಗೆ ಒಂಬತ್ತರೊಳಗೆ ಮುಗಿಯಲಿ. ಇಂಥ ಮಕ್ಕಳಿಗೆ ನೆರಳೂ ಸನ್‌ಸ್ಕ್ರೀನೂ ಸಿಗಲಿ. ಆಗುವುದಿಲ್ಲವೆಂದರೆ ಮೈದಾನಕ್ಕೆ ಬನ್ನಿ. ಸೌಂದರ್ಯಾಳ ಮುಖ ನೋಡಿ, ಅವಳ ತಲೆಯಿಂದ ತಾಯಿ ಹೊಲಿದ ಟೋಪಿಯನ್ನು ನಿಮ್ಮ ಕೈಯಿಂದಲೇ ತೆಗೆಯಿರಿ. ಇನ್ನೊಬ್ಬ ಶಿಕ್ಷಕರ ಕೈಯಿಂದ ತೆಗೆಸಬೇಡಿ.

ಇಂತಿ,
ಒಂದು ಕಾಲಕ್ಕೆ ನಿಮ್ಮ ನಿಯಮದ ನಂಬಿಕಸ್ಥ ಆಳು,
ಜಯದೇವಿ
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ