ಆ ಚೌಕದೊಳಗಿನ ಸಹಿ ನಾಗರಿಕರದ್ದಲ್ಲ, ನನ್ನದು

ಜಂಟಿ ಯೋಜನಾ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ಹದಿನಾಲ್ಕು ತಿಂಗಳು ಮನೆಯವರಿಗೂ ನಾನಾಗಿ ಹೇಳದೆ ಮುಚ್ಚಿಟ್ಟಿದ್ದ ಮಾತೊಂದನ್ನು ಇಂದು ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದೇನೆ. ನಿಮ್ಮ ಕಚೇರಿಯಿಂದ ಹೊರಡುವ ಪ್ರತಿ ಯೋಜನೆಯ ಕೊನೆಯ ಪುಟದಲ್ಲಿ 'ನಾಗರಿಕ ಪ್ರತಿನಿಧಿಯ ಒಪ್ಪಿಗೆ' ಎಂಬ ಒಂದು ಚೌಕವಿದೆಯಲ್ಲ, ಅದರೊಳಗಿನ ಸಹಿ ನನ್ನದು. ನಾನು ಯಾರ ಪ್ರತಿನಿಧಿಯೂ ಅಲ್ಲ. ನಿಮ್ಮ ನೆಲಮಹಡಿಯಲ್ಲಿ ನಕ್ಷೆ ಮುದ್ರಿಸುವ ಯಂತ್ರ ನೋಡಿಕೊಳ್ಳುವವನು. ಒಂಬತ್ತನೇ ತರಗತಿಯ ಅರ್ಧದಲ್ಲೇ ಶಾಲೆ ಬಿಟ್ಟವನು. ಕೆಲಸದ ಅರ್ಜಿಯಲ್ಲಿ ಹತ್ತನೇ ತರಗತಿ ಪಾಸು ಎಂದು ಬರೆದಿದ್ದೆ, ಅದೂ ಸುಳ್ಳು. ಒಂದು ಸುಳ್ಳಿನಿಂದ ನನಗೆ ಕೆಲಸ ಸಿಕ್ಕಿತು. ಇನ್ನೊಂದರಿಂದ ನನ್ನ ಅಣ್ಣನ ಕೆಲಸ ಹೋಯಿತು, ಇಬ್ಬರ ಸಾವಿನ ಅಪವಾದ ಅವನ ತಲೆಯ ಮೇಲೆ ಕೂತಿತು. ನಿಮ್ಮ ತನಿಖಾ ಸಮಿತಿ ಅವನನ್ನು ತಪ್ಪಿತಸ್ಥ ಎಂದಿರುವುದು ನನ್ನ ಆ ಸಹಿಯನ್ನು ನಂಬಿ. ಆ ತೀರ್ಮಾನದ ಮೇಲೆ ನಾಡಿದ್ದು ರಾಜಧಾನಿಯಲ್ಲಿ ಕೊನೆಯ ವಿಚಾರಣೆ ಇದೆ.

ನಿಮ್ಮ ಕಟ್ಟಡವನ್ನು ನೋಡದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ನೆಲಮಹಡಿಯಲ್ಲಿ ಏಳು ದೇಶಗಳ ಸೈನ್ಯಾಧಿಕಾರಿಗಳು. ಮೇಲ್ಮಹಡಿಯಲ್ಲಿ ನೀರು, ಆರೋಗ್ಯ, ವಸತಿ ನೋಡಿಕೊಳ್ಳುವ ನಾಗರಿಕ ವಿಭಾಗದವರು. ನಡುವೆ ಇಪ್ಪತ್ತೆರಡು ಮೆಟ್ಟಿಲು. ಹೊಳೆಯಾಚೆಯ ಬಡಾವಣೆಗಳಿಗೆ ನಿರಾಶ್ರಿತರನ್ನು ಸುರಕ್ಷಿತವಾಗಿ ವಾಪಸು ಕರೆತರುವುದು ಇಬ್ಬರಿಗೂ ಒಪ್ಪಿಸಿದ ಕೆಲಸ. ಕೆಳಗಿನವರ ಸಭೆ ಬೆಳಿಗ್ಗೆ ಒಂಬತ್ತಕ್ಕೆ. ಮೇಲಿನವರ ಸಭೆಯೂ ಬೆಳಿಗ್ಗೆ ಒಂಬತ್ತಕ್ಕೆ. ಇದನ್ನು ಬದಲಾಯಿಸಿ ಎಂದು ಎರಡೂ ಕಡೆಯವರು ಒಬ್ಬರಿಗೊಬ್ಬರು ಪತ್ರ ಬರೆದಿದ್ದಾರೆ. ಆ ಪತ್ರಗಳ ನಕಲು ತೆಗೆದವನು ನಾನೇ. ನೀವು ಸೈನಿಕ ದೃಷ್ಟಿ ಮತ್ತು ನಾಗರಿಕ ದೃಷ್ಟಿಯ ಅಪೂರ್ವ ಸಮನ್ವಯ ಎಂದು ಭಾಷಣ ಮಾಡುತ್ತೀರಲ್ಲ, ಆ ಸಮನ್ವಯ ನಡೆಯುತ್ತಿದ್ದುದು ಹನ್ನೊಂದು ಗಂಟೆಗೆ, ನನ್ನ ಮೇಜಿನ ಮೇಲೆ. ಕೆಳಗಿನವರ ಹಾಳೆಗಳನ್ನು ಅಡಿಗಿಟ್ಟು, ಮೇಲಿನವರ ಹಾಳೆಗಳನ್ನು ಮೇಲಿಟ್ಟು, ಮೂಲೆಗೊಂದು ಪಿನ್ನು ಹೊಡೆಯುತ್ತಿದ್ದೆ. ಮುಗಿಯಿತು, ಜಂಟಿ ಯೋಜನೆ ಸಿದ್ಧ! ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರೆ. ಅಲ್ಲಿ ಎತ್ತು, ಕೋಣ ಎರಡನ್ನೂ ಒಂದೇ ನೊಗಕ್ಕಾದರೂ ಕಟ್ಟಿರುತ್ತಾರೆ. ಇಲ್ಲಿ ನೊಗವೂ ಇರಲಿಲ್ಲ.

ಸಹಿಯ ಕಥೆ ಹೀಗೆ. ನಾಗರಿಕ ಪ್ರತಿನಿಧಿ ಸಭೆಯಲ್ಲಿ ಇರದೆ ಯಾವ ಯೋಜನೆಯೂ ಹೊರಡಬಾರದೆಂಬ ನಿಯಮವನ್ನು ನೀವೇ ಮಾಡಿದ್ದೀರಿ, ಒಳ್ಳೆಯ ನಿಯಮ. ಮೊದಲ ವಾರವೇ ಮೇಲಿನಿಂದ ಯಾರೂ ಇಳಿದು ಬರಲಿಲ್ಲ. ಸಭೆ ನಡೆಸುವ ಕರ್ನಲ್‌ಗೆ ನಕ್ಷೆಯ ಮೇಲೆ ಬಾಣ ಎಳೆಯುವುದೆಂದರೆ ಪ್ರಾಣ. ನಾವು ಬಾಣದ ಸಾಹೇಬರು ಎನ್ನುತ್ತಿದ್ದೆವು. ಅವರು ಕೋಣೆಯನ್ನೆಲ್ಲ ಒಮ್ಮೆ ನೋಡಿ ನನ್ನತ್ತ ಬೆರಳು ತೋರಿಸಿ ಏನೋ ಅಂದರು. ಅವರ ಮಾತನ್ನು ನಮ್ಮ ಮಾತಿಗೆ ತರುವ ದುಭಾಷಿ ಅಕ್ಕ ನಗು ತಡೆದುಕೊಂಡು ಹೇಳಿದಳು:

"ಇವ್ನು ಯೂನಿಫಾರ್ಮ್ ಹಾಕಿಲ್ಲ ತಾನೇ ಅಂತ ಕೇಳ್ತಿದಾರೆ ಕಣೋ."

"ಇಲ್ಲಕ್ಕ, ಅಂಗಿ ಹಾಕಿದೀನಿ."

"ಹಾಗಾದ್ರೆ ನೀನೇ ನಾಗರಿಕ ಅಂತೆ. ಬಾ, ಸಹಿ ಹಾಕು. ಒಂದೇ ದಿನದಲ್ಲಿ ದೊಡ್ಡ ಮನುಷ್ಯ ಆಗ್ಬಿಟ್ಟೆ ನೋಡು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಒಂದು ದಿನ ಹದಿನಾಲ್ಕು ತಿಂಗಳಾಯಿತು. ನನ್ನ ಮೇಷ್ಟ್ರು ಒಂದು ಲೆಕ್ಕವನ್ನೂ ನನ್ನ ಕೈಯಲ್ಲಿ ಮಾಡಿಸಲಾರದೆ ಸೋತಿದ್ದರು. ಏಳು ದೇಶಗಳ ಅಧಿಕಾರಿಗಳು ನನ್ನ ಒಪ್ಪಿಗೆಗೆ ಕಾಯುತ್ತಿದ್ದರು. ಸುಳ್ಳೇಕೆ, ಅದು ಹಿತವಾಗಿತ್ತು.

ಈಗ ಗುಡ್ಡದ ಪಂಪ್ ಮನೆಯ ವಿಷಯಕ್ಕೆ ಬರುತ್ತೇನೆ. ಹೊಳೆಯಾಚೆಯ ಮೂರು ಬಡಾವಣೆಗಳಿಗೆ ನೀರು ಹೋಗುವುದು ಅಲ್ಲಿಂದ. ನನ್ನ ಅಣ್ಣ ಹನ್ನೊಂದು ವರ್ಷ ಅಲ್ಲಿ ಆಪರೇಟರ್. ಮೋಟಾರು ತನ್ನಷ್ಟಕ್ಕೆ ತಾನೇ ಓಡುತ್ತದೆ, ತಾನೇ ನಿಲ್ಲುತ್ತದೆ. ಆದರೆ ನೀರಿಗೆ ಬೆರೆಸುವ ಬ್ಲೀಚಿಂಗ್ ಪೌಡರನ್ನು ಪ್ರತಿದಿನ ಬೆಳಿಗ್ಗೆ ಮನುಷ್ಯನೇ ಹೋಗಿ ಕಲಸಿ ಡ್ರಮ್ಮಿಗೆ ಸುರಿಯಬೇಕು. ಮೇಲಿನವರ ನಕ್ಷೆಯಲ್ಲಿ ಆ ಕಟ್ಟಡದ ಹೆಸರು 'ನೀರು-ನಾಲ್ಕು'. ಕೆಳಗಿನವರ ನಕ್ಷೆಯಲ್ಲಿ ಅದೇ ಕಟ್ಟಡ 'ಎತ್ತರ-ಎಪ್ಪತ್ತೊಂದು': ಕಾವಲಿಗೆ, ರೇಡಿಯೊ ಕಂಬ ನೆಡುವುದಕ್ಕೆ ಯೋಗ್ಯವಾದ ಖಾಲಿ ಕಟ್ಟಡ. ಅಳಿಯ ಅಲ್ಲ, ಮಗಳ ಗಂಡ! ಎರಡೂ ಒಂದೇ ಎಂದು ಎರಡೂ ಮಹಡಿಗಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನೊಬ್ಬನೇ. ಎರಡೂ ನಕ್ಷೆ ನನ್ನ ಯಂತ್ರದಿಂದಲೇ ಹೊರಬರುತ್ತಿದ್ದವು, ಮೇಲಾಗಿ ಆ ಗೇಟಿಗೆ ನಾನು ಅಣ್ಣನ ಊಟದ ಡಬ್ಬಿ ಹೊತ್ತವನು.

'ಎತ್ತರ-ಎಪ್ಪತ್ತೊಂದ'ನ್ನು ವಶಪಡಿಸಿಕೊಳ್ಳುವ ಯೋಜನೆ ಸಭೆಗೆ ಬಂದ ದಿನ ನಾನು ಬಾಯಿಬಿಟ್ಟೆ. "ಅಕ್ಕಾ, ಅದು ಪಂಪ್ ಮನೆ ಅಂತ ಹೇಳಿ. ಅಲ್ಲಿ ನಮ್ಮಣ್ಣ ಕೆಲಸ ಮಾಡ್ತಾನೆ." ಅವಳು ಹೇಳಿದಳು. ಬಾಣದ ಸಾಹೇಬರು ಸಿಡುಕಲಿಲ್ಲ, ತುಂಬ ಮರ್ಯಾದೆಯಿಂದಲೇ ಉತ್ತರಿಸಿದರು: ಇಂಥ ಮಾಹಿತಿ ನಾಗರಿಕ ವಿಭಾಗದ ಮೂಲಕ ಬರಬೇಕು; ಆಪರೇಟರನಿಗೆ ಪಾಸು ಕೊಟ್ಟರಾಯಿತು. ಹಾಗೆಂದು ಒಂದು ಸಾಲು ಸೇರಿಸಿದರು: 'ಪಾಸಿನ ವ್ಯವಸ್ಥೆಯನ್ನು ನಾಗರಿಕ ಪ್ರತಿನಿಧಿಗೆ ವಿವರಿಸಲಾಗಿದೆ, ಅವರು ಒಪ್ಪಿದ್ದಾರೆ.' ಆಮೇಲೆ ಕಾಗದ ನನ್ನ ಮುಂದೆ ಬಂತು. ಆ ಕ್ಷಣ ನಾನು ಪೆನ್ನು ಕೆಳಗಿಟ್ಟು ಎದ್ದು ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಏನು ವಿವರಿಸಿದರು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಸಹಿ ಹಾಕಿದೆ.

ಮೊದಲ ಹದಿನೈದು ದಿನ ತೊಂದರೆಯಾಗಲಿಲ್ಲ. ಗೇಟಿನಲ್ಲಿದ್ದವರು ಅಣ್ಣನ ಪಾಸು ನೋಡಿ ಒಳಗೆ ಬಿಡುತ್ತಿದ್ದರು. ಆದರೆ ನಿಮ್ಮಲ್ಲಿ ಹದಿನೈದು ದಿನಕ್ಕೊಮ್ಮೆ ಕಾವಲು ಒಂದು ದೇಶದಿಂದ ಇನ್ನೊಂದು ದೇಶದ ಪಡೆಗೆ ಹೋಗುತ್ತದೆ. ಹದಿನಾರನೆಯ ದಿನ ಗೇಟಿನಲ್ಲಿ ಹೊಸ ಮುಖಗಳು. ಪಾಸಿನ ಮೇಲೆ ಹಿಂದಿನ ಪಡೆಯವರ ಮೊಹರು; ಅದು ನಮಗೆ ನಡೆಯುವುದಿಲ್ಲ ಎಂದರು. ಅದಕ್ಕಿಂತ ದೊಡ್ಡ ಅಪರಾಧ, ಅಣ್ಣನ ಹೆಗಲ ಮೇಲಿದ್ದ ಚೀಲದಲ್ಲಿ ಬಿಳಿಯ ಪುಡಿ! ಮೂಗಿಗೆ ಹಿಡಿದರೆ ಘಾಟು. ಅವನನ್ನು ಬಿಸಿಲಿನಲ್ಲಿ ಎರಡು ಗಂಟೆ ನಿಲ್ಲಿಸಿ, ಚೀಲವನ್ನು ಸಂಶಯಾಸ್ಪದ ವಸ್ತು ಎಂದು ಮೊಹರು ಮಾಡಿ ಪರೀಕ್ಷೆಗೆ ಕಳುಹಿಸಿದರು. ಹನ್ನೊಂದು ದಿನಗಳ ಮೇಲೆ ಪ್ರಯೋಗಾಲಯದಿಂದ ವರದಿ ಬಂತು, ಅದನ್ನೂ ನಾನೇ ಮುದ್ರಿಸಿದೆ: ಇದು ಬ್ಲೀಚಿಂಗ್ ಪೌಡರ್, ನೀರು ಶುದ್ಧಿಗೆ ಬಳಸುವಂಥದ್ದು. ಸಾರ್, ಚೀಲದ ಮೇಲೆಯೇ ಅಚ್ಚಾಗಿತ್ತಲ್ಲ?

ಗೇಟಿನ ಆ ಸೈನಿಕನನ್ನು ನಾನು ದೂರುವುದಿಲ್ಲ. ಪರದೇಶದ ಗುಡ್ಡದ ಮೇಲೆ ನಿಂತ, ನನ್ನ ವಯಸ್ಸಿನ ಹುಡುಗ. ಅಪರಿಚಿತನೊಬ್ಬ ಹಳೇ ಪಾಸು ಹಿಡಿದು ಘಾಟಿನ ಪುಡಿ ಹೊತ್ತು ಬಂದರೆ ಬಿಡಬೇಡ ಎಂದೇ ಅವನಿಗೆ ಕಲಿಸಿದ್ದಾರೆ. ಆ ಪುಡಿ ಏಕೆ ಬರುತ್ತದೆ, ಯಾರು ತರುತ್ತಾರೆ ಎಂದು ಅವನಿಗೆ ತಿಳಿಸಬೇಕಾದ ಸಾಲು ಯೋಜನೆಯಲ್ಲೇ ಇರಲಿಲ್ಲ. ಕಾವಲು ಬೇಡವೆನ್ನುವಷ್ಟು ದಡ್ಡನೂ ನಾನಲ್ಲ. ಬಂದೂಕು ಇದ್ದುದರಿಂದಲೇ ಜನ ಆ ಬಡಾವಣೆಗಳಿಗೆ ಮರಳಿದರು. ಮರಳಿದವರು ಕುಡಿಯುವುದೇನು ಎಂದು ಬಂದೂಕಿನವರು ಕೇಳಲಿಲ್ಲ, ನೀರಿನವರು ಗೇಟಿನಲ್ಲಿ ಯಾರಿದ್ದಾರೆ ಎಂದು ಕೇಳಲಿಲ್ಲ. ನಾನು ಹೇಸುವುದು ಇದಕ್ಕೆ.

ಅಣ್ಣ ಆರು ದಿನ ಗೇಟಿಗೆ ಹೋಗಿ ವಾಪಸು ಬಂದ. ಮೊದಲ ದಿನವೇ ನನಗೆ ಹೇಳಿದ. ನಾನು ಕೆಳಗೆ ಕೇಳಿದೆ: ಲಿಖಿತ ಮನವಿ ಮೇಲಿನಿಂದ ಬರಲಿ ಎಂದರು. ಇಪ್ಪತ್ತೆರಡು ಮೆಟ್ಟಿಲು ಹತ್ತಿ ನೀರಿನ ವಿಭಾಗದ ಮೇಡಂ ಹತ್ತಿರ ನಿಂತೆ. ಅವರು ಕಂಪ್ಯೂಟರ್ ಪರದೆ ನನ್ನ ಕಡೆ ತಿರುಗಿಸಿದರು.

"ನೋಡಪ್ಪ, ನೀರು-ನಾಲ್ಕು ಹಸಿರು ತೋರಿಸ್ತಿದೆ. ಮೋಟಾರ್ ಓಡ್ತಿದೆ. ಸಮಸ್ಯೆ ಎಲ್ಲಿದೆ?"

"ಮೋಟಾರ್ ಓಡ್ತಿದೆ ಮೇಡಂ, ಪುಡಿ ಬೀಳ್ತಿಲ್ಲ. ಆಪರೇಟರನ್ನ ಒಳಗೆ ಬಿಡ್ತಿಲ್ಲ."

"ಯಾರು ಬಿಡ್ತಿಲ್ಲ?"

"ಸೈನ್ಯದವರು."

"ಅಯ್ಯೋ, ಅದು ಅವರ ವಿಷಯ. ನಾವು ಅದ್ರಲ್ಲಿ ತಲೆ ಹಾಕಿದ್ರೆ ತಟಸ್ಥರಾಗಿ ಉಳಿಯಲ್ಲ. ಕೆಳಗಿಂದ ಒಂದು ಅಧಿಕೃತ ವಿಚಾರಣೆ ಕಳಿಸೋಕೆ ಹೇಳು."

ಆ ಮೆಟ್ಟಿಲುಗಳನ್ನು ಆ ವಾರ ಎಷ್ಟು ಸಲ ಹತ್ತಿ ಇಳಿದೆನೋ. ನಾಲ್ಕನೆಯ ದಿನ ಆಸ್ಪತ್ರೆಗೆ ಮೊದಲ ವಾಂತಿಭೇದಿ ಬಂತು. ಏಳನೆಯ ದಿನ ಬಾಣದ ಸಾಹೇಬರೇ ಖುದ್ದಾಗಿ ಫೋನು ಮಾಡಿ ಗೇಟು ತೆಗೆಸಿದರು. ಎರಡು ನಿಮಿಷದ ಫೋನು. ಅಷ್ಟರಲ್ಲಿ ನಲವತ್ತೊಂದು ಜನ ಹಾಸಿಗೆ ಹಿಡಿದಿದ್ದರು. ಕೊಡೆ ರಿಪೇರಿ ಮಾಡುತ್ತಿದ್ದ ಒಬ್ಬ ಮುದುಕ ಸತ್ತ. ನಮ್ಮ ಬೀದಿಯಿಂದ ಹೊಳೆಯಾಚೆಗೆ ಮರಳಿದ್ದ ದರ್ಜಿಯ ಎರಡು ವರ್ಷದ ಮಗಳು ಸತ್ತಳು. ಅವಳು ನನ್ನನ್ನು ಕಂಡರೆ "ಪೇಪರ್ ಮಾಮ" ಅನ್ನುತ್ತಿದ್ದಳು. ಹಾಳಾದ ನಕ್ಷೆಗಳ ಹಿಂಬದಿಯಲ್ಲಿ ಗೀಚಲಿ ಎಂದು ನಾನೇ ಒಯ್ದು ಕೊಡುತ್ತಿದ್ದೆ.

ನಿಮ್ಮ ತನಿಖಾ ಸಮಿತಿ ಮೂರೇ ವಾರದಲ್ಲಿ ಕೆಲಸ ಮುಗಿಸಿತು. ಎಂಥ ವೇಗ! ಅದರ ವರದಿ ಇಷ್ಟು: ಆಪರೇಟರನ ನಿರ್ಲಕ್ಷ್ಯ; ಪಾಸು ನವೀಕರಿಸಿಕೊಳ್ಳಬೇಕೆಂದು ನಾಗರಿಕ ಪ್ರತಿನಿಧಿಯ ಮೂಲಕ ಮೊದಲೇ ತಿಳಿಸಲಾಗಿತ್ತು; ಆಧಾರ: ಸಭೆಯ ನಡಾವಳಿ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು. ಒರೆಸುವುದಕ್ಕೆ ಬಳಸಿದ ಕೈ ಮಾತ್ರ ನನ್ನದು.

ವರದಿಯ ಪ್ರತಿ ಮನೆಗೆ ಬಂದ ಮಧ್ಯಾಹ್ನ ಅಣ್ಣ ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ಓದಿದ. ಕೊನೆಗೆ ಲಗತ್ತಿಸಿದ್ದ ನಡಾವಳಿಯ ಸಹಿಯ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ.

"ಈ ಕೊಕ್ಕೆ ನಿಂದಲ್ವೇನೋ?"

ನಾನು ತಲೆ ತಗ್ಗಿಸಿದೆ.

"ಮೂರನೇ ಕ್ಲಾಸಿಂದ ಹೀಗೇ ಗೀಚ್ತಿದೀಯ. ಅವಾಗ್ಲೂ ಹೇಳ್ದೆ, ಅಕ್ಷರ ದುಂಡಗೆ ಬರಿ ಅಂತ."

ಅಷ್ಟೇ. ಬೈಯಲಿಲ್ಲ, ಹೊಡೆಯಲಿಲ್ಲ. ಕನ್ನಡಕ ತೆಗೆದಿಟ್ಟು, "ಸುಮ್ನಿರು. ನನ್ನ ಕೆಲಸ ಹೋಗಿದ್ದು ಹೋಯ್ತು, ನಿಂದೂ ಹೋಗೋದು ಬೇಡ" ಅಂದ.

ಬಾಗಿಲ ಬಳಿ ಬಟ್ಟೆ ಮಡಿಸುತ್ತಿದ್ದ ಅತ್ತಿಗೆ ಕೈಯಲ್ಲಿದ್ದುದನ್ನು ಬಿಸಾಕಿದಳು. "ಚೆನ್ನಾಗಿದೆ ಅಣ್ಣ ತಮ್ಮಂದಿರ ನ್ಯಾಯ! ದರ್ಜಿ ಹೆಂಡ್ತಿ ಬಂದು ನನ್ನ ಮುಂದೆ ಕೂತು, 'ಅಕ್ಕಾ, ಭಾವ ಒಂದಿನ ಪುಡಿ ಹಾಕೋಕೆ ಮರೆತ್ರಾ' ಅಂತ ಕೇಳಿದ್ಲು. ನಾನೇನಂತ ಹೇಳ್ಲಿ? ಮರೆತ್ರು ಅನ್ಲಾ? ನಿನ್ನ ಕೆಲಸ ಉಳೀಲಿ ಅಂತ ಅವ್ಳಿಗೆ ಸುಳ್ಳು ಹೇಳ್ಲಾ? ಹೇಳೋ ಮಹರಾಯ!"

ಅವಳ ಪ್ರಶ್ನೆಗೆ ಉತ್ತರ ನಿಮ್ಮಲ್ಲಿ ಇದೆಯೇ, ಮಾನ್ಯರೇ? ಈ ನಡುವೆ ನಿಮ್ಮ ಕಚೇರಿಗೆ ಸಮನ್ವಯದ ಮಾದರಿ ಎಂಬ ಪ್ರಶಸ್ತಿ ಬಂದಿದೆ. ಅದರ ಪುಸ್ತಿಕೆಯ ಮುಖಪುಟದಲ್ಲಿ ಸೈನಿಕನ ಕೈ, ನಾಗರಿಕನ ಕೈ ಕುಲುಕುವ ಚಿತ್ರ. ಮುನ್ನೂರು ಪ್ರತಿ ಮುದ್ರಿಸಲು ನನಗೇ ಹೇಳಿದಿರಿ. ಮುದ್ರಿಸಿದೆ. ಆಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಇದು ಅಲಂಕಾರದ ಮಾತಲ್ಲ.

ನಾನು ಕೇಳುವುದು ದೊಡ್ಡದಲ್ಲ. ವಿಚಾರಣೆಗೆ ಮುಂಚೆ ನೀವು ಸಮಿತಿಗೆ ನಿಮ್ಮ ಕೈಯಾರೆ ಬರೆದು ಕೊಡಿ: ಆ ಸಭೆಯಲ್ಲಿ ನಾಗರಿಕ ಪ್ರತಿನಿಧಿ ಯಾರೂ ಇರಲಿಲ್ಲ, ಆಪರೇಟರನಿಗೆ ಯಾರೂ ಏನೂ ತಿಳಿಸಿರಲಿಲ್ಲ, ಅವನು ಆರು ದಿನವೂ ಕೆಲಸಕ್ಕೆ ಬಂದಿದ್ದ. ದರ್ಜಿಯ ಮನೆಗೂ ಮುದುಕನ ಮನೆಗೂ ಹೋಗಿ ಇದೇ ಮಾತನ್ನು ಬಾಯಿಬಿಟ್ಟು ಹೇಳಿ. ದುಭಾಷಿ ಬೇಕಾದರೆ ಅಕ್ಕ ಬರುತ್ತೇನೆ ಅಂದಿದ್ದಾಳೆ. ಇನ್ನು ಮುಂದೆ ಒಂದು ಜಾಗವನ್ನು ವಶಪಡಿಸಿಕೊಳ್ಳುವ ಮೊದಲು ಅಲ್ಲಿ ದಿನಾ ಕೆಲಸ ಮಾಡುವವನನ್ನು ಆ ಸಭೆಯಲ್ಲಿ ಕೂರಿಸಿ, ಅವನು ಬೇಡವೆಂದರೆ ಏಕೆ ಎಂದು ಕೇಳಿ. ಪದವಿ ಪಡೆದವರಿಗೆ ಇದನ್ನು ಒಂಬತ್ತನೇ ತರಗತಿಯವನು ಹೇಳಿಕೊಡಬೇಕಾಗಿ ಬಂದದ್ದಕ್ಕೆ ನಾಚಿಕೆಯಾಗಬೇಕಾದದ್ದು ನನಗಲ್ಲ.

ಸುಳ್ಳು ಸಹಿಗೆ ಏನು ಶಿಕ್ಷೆ ಎಂದು ವಿಚಾರಿಸಿದ್ದೇನೆ. ಎರಡು ವರ್ಷದವರೆಗೆ ಆಗಬಹುದಂತೆ. ಯಂತ್ರದ ಕೀಲಿಯನ್ನು ಇವತ್ತು ಮಧ್ಯಾಹ್ನ ನಿಮ್ಮ ಗುಮಾಸ್ತರ ಕೈಗೆ ಕೊಟ್ಟೆ. ವಿಚಾರಣೆಗೆ ಅಣ್ಣನೊಬ್ಬನನ್ನೇ ಕರೆದಿದ್ದಾರೆ, ನನ್ನನ್ನು ಕರೆದಿಲ್ಲ. ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಅವನ ಜೊತೆ ಹೊರಡುತ್ತಿದ್ದೇನೆ.

ಇಂತಿ,
ಪಂಪ್ ಆಪರೇಟರನ ತಮ್ಮ